ಮೂರನೆಯ ಸಹಿ

"ಸಹಿ ಹೊಂದ್ತಿಲ್ಲ ತಾತ, ಇನ್ನೊಂದ್ಸಲ ಹಾಕಿ," ಎಂದು ಬ್ಯಾಂಕಿನ ಕೌಂಟರಿನ ಹುಡುಗಿ ಎರಡನೆಯ ಚೀಟಿಯನ್ನೂ ಹಿಂದಕ್ಕೆ ತಳ್ಳಿದಳು. ಮುದಿ ಬಡಗಿಗೆ ಮುಖಭಂಗವಾಯಿತು. ಉಳಿ ಹಿಡಿದು ಕೂಡಿಟ್ಟದ್ದನ್ನೆಲ್ಲ ಇವತ್ತೇ ಹೂಡಿದರೆ ವರ್ಷದೊಳಗೆ ಇಮ್ಮಡಿ ಮಾಡಿಕೊಡುವೆನೆಂದು ಮಾತು ಕೊಟ್ಟವನು ಫೋನಿನಲ್ಲೇ ಕಾಯುತ್ತಿದ್ದ. ವಾರದಿಂದ ಬಾಯಿ ತುಂಬ "ಅಪ್ಪಾಜಿ" ಎನ್ನುತ್ತಿದ್ದವನು ಅವನು. ಇಷ್ಟೊಂದು ಹಣ ಯಾಕೆಂದು ಹುಡುಗಿ ಕೇಳಿದಾಗ ಬಡಗಿ ಅದನ್ನೆಲ್ಲ ಹೆಮ್ಮೆಯಿಂದ ಹೇಳಿದ್ದ.

"ಸ್ವಲ್ಪ ತಾಳಪ್ಪ, ಸಹಿ ಸರಿಹೋಗ್ತಿಲ್ಲ," ಎಂದು ಬಡಗಿ ಫೋನಿಗೆ ಹೇಳಿ, ಮೂರನೆಯ ಸಹಿಗೆ ಪೆನ್ನು ಎತ್ತಿಕೊಂಡ.

"ಏ ಮುದುಕ, ಒಂದು ಸಹಿ ಗೀಚೋಕೆ ಎಷ್ಟೊತ್ತೋ ನಿಂಗೆ?" ಎಂದಿತು ಫೋನು.

ಬಡಗಿ ಅದನ್ನು ಕಿವಿಯಿಂದ ತೆಗೆದು ಆಫ್ ಮಾಡಿದ. ಪೆನ್ನನ್ನು ಮೆಲ್ಲನೆ ಕೆಳಗಿಟ್ಟ. "ನನ್ನ ಸಹಿ ನಿಜವಾಗ್ಲೂ ಹೊಂದಲಿಲ್ವೇನಮ್ಮ?"

"ಮೊದಲನೇದೇ ಹೊಂದಿತ್ತು ತಾತ. ಅವನ ತಾಳ್ಮೆ ಎಷ್ಟಿದೆ ಅಂತ ನೋಡ್ತಿದ್ದೆ."

ಬಡಗಿ ಅವಳನ್ನೇ ದಿಟ್ಟಿಸಿದ. "ಮರ ಟೊಳ್ಳೋ ಗಟ್ಟಿಯೋ ಅಂತ ತಟ್ಟಿ ನೋಡೋದು ನನ್ನ ಕಸುಬು ಕಣಮ್ಮ," ಎಂದ. "ಇವತ್ತು ನೀನು ತಟ್ಟಿದೆ."