ಗಿರಣಿಯ ಸದ್ದು

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ್ದೇ ತಡ, ಸೊಸೆಯ ತಮ್ಮನಿಗೆ ಸೀನು ಹತ್ತಿಕೊಂಡಿತು. ಒಳಗೆ ಧೂಳು ಹಳೇ ದಿಂಬಿನ ಹತ್ತಿಯಂತೆ ಗಂಟುಗಂಟಾಗಿ ಕೂತಿತ್ತು.

"ಅಕ್ಕಾ, ಇದು ಕಂಪ್ಯೂಟರೋ, ಅಟ್ಟವೋ? ಹುಡುಕಿದ್ರೆ ನಿನ್ನ ಮದುವೇಲಿ ಕಳೆದುಹೋದ ಓಲೆನೂ ಇದರಲ್ಲೇ ಸಿಗಬಹುದು."

"ಬಾಯಿ ಸಾಕು, ಕೈ ಆಡ್ಸು," ಅಂದಳು ಸೊಸೆ.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಆ ಹಿಟ್ಟಿನ ಗಿರಣಿ ರಿಪೇರಿ ಆಗ್ತಿದೆಯಾ? ಬೇಗ ಮುಗಿಸು ಪುಣ್ಯಾತ್ಮ. ಕಣ್ಣಂತೂ ಹೋದ್ವು, ಕಿವಿಯಾದ್ರೂ ಉಳೀಲಿ."

ಆ ಹಳೆಯ ಕಂಪ್ಯೂಟರಿಗೆ ಅತ್ತೆ ಇಟ್ಟ ಹೆಸರೇ ಗಿರಣಿ. ಗುಂಡಿ ಒತ್ತಿದರೆ ಸಾಕು, ಗೊರಗೊರ ಅಂತ ಇಡೀ ಮನೆಗೆ ಕೇಳಿಸುತ್ತಿತ್ತು. ಸೊಸೆ ಅದರ ಮುಂದೆ ಕೂತು ಪ್ರೆಸ್ಸಿನವರು ಕಳಿಸುವ ಪುಸ್ತಕಗಳಿಗೆ ಪುಟ ಕಟ್ಟುತ್ತಿದ್ದಳು. ಈಚೆಗೆ ಮಕ್ಕಳ ಚಿತ್ರಪುಸ್ತಕಗಳು ಬರತೊಡಗಿದ ಮೇಲೆ ಅದಕ್ಕೆ ಏದುಸಿರು. ಒಂದೊಂದು ಪುಟ ತೆರೆಯುವಷ್ಟರಲ್ಲಿ ಅವಳು ಒಂದು ಪಾತ್ರೆ ತೊಳೆದು ಬರಬಹುದಿತ್ತು. ಹೀಗಾದರೆ ಮನೆಯಿಂದ ಮಾಡಿದ್ದು ಸಾಕು, ದಿನಾ ಪ್ರೆಸ್ಸಿಗೇ ಬಂದು ಕೂತು ಮಾಡಿ ಅಂತ ಪ್ರೆಸ್ಸಿನ ಯಜಮಾನರು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಬೆಳಕು, ಕತ್ತಲೆ ಬಿಟ್ಟು ಬೇರೇನೂ ಕಾಣದ ಅತ್ತೆಯನ್ನು ದಿನವಿಡೀ ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ಅದಕ್ಕೇ ಈ ರಿಪೇರಿ. ಆ ಫೋನಿನ ಮಾತು ಅತ್ತೆಯ ಕಿವಿಗೂ ಬಿದ್ದಿತ್ತು.

ತಮ್ಮ ಧೂಳು ಊದಿದ. ಹಳೆಯ ರ್ಯಾಮಿನ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಅದರ ಪಕ್ಕಕ್ಕೇ ಹೊಸದೊಂದನ್ನು ಟಕ್ಕೆಂದು ಕೂರಿಸಿದ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅಂಗೈಯಷ್ಟೂ ಇಲ್ಲದ ಹೊಸದನ್ನು ಹಾಕಿದ. ಗೊರಗುಟ್ಟುತ್ತಿದ್ದ ಫ್ಯಾನು ಬಿಚ್ಚಿ ಚೀಲಕ್ಕೆಸೆದು, ಸದ್ದಿಲ್ಲದ ಹೊಸದೊಂದನ್ನು ಹಿಂಬದಿಗೆ ಕೂರಿಸಿದ. ಗುಂಡಿ ಒತ್ತಿದಾಗ ಪಿಟ್ಟೆನ್ನಲಿಲ್ಲ, ಸತ್ತೇಹೋಯಿತೇನೋ ಅಂತ ಸೊಸೆಗೆ ಗಾಬರಿ. ಅಷ್ಟರಲ್ಲೇ ಪರದೆ ಬೆಳಗಿತು. ಮೊದಲೆಲ್ಲ ಸೊಂಡಿಲು ಒಮ್ಮೆ, ಕಿವಿ ಒಮ್ಮೆ ಕಂತಿನಲ್ಲಿ ಬರುತ್ತಿದ್ದ ಚಿತ್ರಪುಸ್ತಕದ ಆನೆ ಈಗ ಬಾಲದ ಸಮೇತ ಬಂದು ನಿಂತಿತು. ಅವಳಿಗೆ ತಮ್ಮನನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು.

ಅವನು ಹೋದಮೇಲೆ ಅವಳು ಕೆಲಸಕ್ಕೆ ಕೂತಳು.

"ಏನೇ, ಇದ್ದೀಯಾ?" ಅತ್ತೆ ಕೂಗಿದರು.

"ಇದ್ದೀನಿ ಅತ್ತೆ. ಏನು ಬೇಕು?"

"ನೀರು ಇಟ್ಟಿದ್ದೀಯಾ ಅಂತ."

ನೀರು ತಲೆದೆಸೆಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ, ಗಂಟೆ ಎಷ್ಟು ಅಂತ ಕೇಳಿದರು. ಆಮೇಲೆ, ಬಾಗಿಲು ಯಾರೋ ತಟ್ಟಿದ ಹಾಗಾಯ್ತಲ್ಲ ಅಂದರು. ಯಾರೂ ತಟ್ಟಿರಲಿಲ್ಲ. ಕಂಪ್ಯೂಟರಿನ ರಗಳೆ ಮುಗಿಯಿತು ಅನ್ನುವಾಗ ಅತ್ತೆಯದು ಶುರುವಾಯಿತಲ್ಲ ಅಂತ ಅವಳಿಗೆ ರೇಗಿತು. ಮತ್ತೊಂದು ಕೂಗಿಗೆ, ಈ ಸಾಲು ಮುಗಿಸಿ ಓಗೊಟ್ಟರಾಯಿತು ಅಂತ ಸುಮ್ಮನೆ ಕೂತಳು.

ಒಳಗೆ ಲೋಟ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ ಗೋಡೆ ಸವರಿಕೊಂಡು ಬಾಗಿಲಿಗೆ ಬಂದುಬಿಟ್ಟಿದ್ದಾರೆ. ಅವಳು ಎದ್ದು ಓಡುವಷ್ಟರಲ್ಲಿ ಅವರ ಕೈ ಗಾಳಿಯಲ್ಲಿ ತಡಕಾಡಿ ಅವಳ ಭುಜಕ್ಕೆ ತಗಲಿತು. ಭುಜದಿಂದ ಕೆನ್ನೆಗೆ, ಕೆನ್ನೆಯಿಂದ ತಲೆಗೆ ಹೋಗಿ ಅಲ್ಲೇ ನಿಂತಿತು.

"ಇಲ್ಲೇ ಇದ್ದೀಯಲ್ಲ," ಅಂದರು.

"ಇನ್ನೆಲ್ಲಿಗೆ ಹೋಗ್ಲಿ ಅತ್ತೆ?"

"ಸದ್ದೇ ಇಲ್ಲ. ಪ್ರೆಸ್ಸಿಗೆ ಹೊರಟುಹೋದೆಯೇನೋ ಅಂದ್ಕೊಂಡೆ. ಹೇಳದೆ ಹೋಗೋಳಲ್ಲ ನೀನು, ಗೊತ್ತು. ಆದ್ರೂ..."

ಇಷ್ಟು ವರ್ಷ ಬೈದ ಸದ್ದನ್ನೇ ಈ ಹೆಂಗಸು ಕೈಹಿಡಿದುಕೊಂಡು ಬದುಕಿದ್ದರು. ರೇಗಿದ್ದಕ್ಕೆ ತನ್ನ ಮೇಲೇ ಸೊಸೆಗೆ ಸಿಟ್ಟು ಬಂತು. ಅತ್ತೆಯನ್ನು ಮಲಗಿಸಿ ಬಂದು, ತಮ್ಮನಿಗೆ ಫೋನು ಮಾಡಿ ಮೆತ್ತಗೆ ಕೇಳಿದಳು, "ಆ ಹಳೇ ಫ್ಯಾನು ಎಸೆದುಬಿಟ್ಯಾ?"

ಮಾರನೆಯ ದಿನ ಅವನು ಮುಖ ಗಂಟು ಹಾಕಿಕೊಂಡೇ ಬಂದ. "ಎಲ್ರೂ ಸದ್ದು ಬಿಡಿಸೋಕೆ ಬರ್ತಾರೆ, ಹಾಕಿಸ್ಕೊಳ್ಳೋಳು ನೀನೊಬ್ಬಳೇ. ಯಾರಿಗಾದ್ರೂ ಗೊತ್ತಾದ್ರೆ ನನ್ನ ಅಂಗಡಿ ಮಾನ ಹೋಗುತ್ತೆ."

"ಹೊಸ ಫ್ಯಾನು ಹಿಂದುಗಡೆ ಹೇಗಿದೆಯೋ ಹಾಗೇ ಇರಲಿ. ಇದನ್ನ ಮುಂದೆ ಹಾಕು."

"ಧೂಳಾದ್ರೂ ಒರೆಸ್ತೀನಿ ತಡಿ."

"ಬೇಡ ಬೇಡ, ದನಿ ಕಮ್ಮಿಯಾದೀತು."

ಗುಂಡಿ ಒತ್ತಿದರು. ಗೊರಗೊರ ಗೊರಗೊರ.

"ಶುರುವಾಯ್ತಾ ನಿನ್ನ ಗಿರಣಿ!" ಒಳಗಿನಿಂದ ಅತ್ತೆ ಗುಡುಗಿದರು. "ಏನು ರಿಪೇರಿ ಮಾಡಿದ್ನೋ, ಮಣ್ಣು!"

ತಮ್ಮ ಏನೋ ಹೇಳಲು ಬಾಯಿ ತೆರೆದ. ಸೊಸೆ ಅವನ ಕಾಲು ತುಳಿದಳು. "ಏನ್ಮಾಡೋದು ಅತ್ತೆ, ಹಳೇ ಮಷೀನು!" ಅಂತ ಕೂಗಿ ಹೇಳಿದಳು.

ಅವನು ತಗಡು ಮುಚ್ಚಿ ಸ್ಕ್ರೂ ಬಿಗಿಯುವಷ್ಟರಲ್ಲಿ ಒಳಕೋಣೆಯಿಂದ ಗೊರಕೆ ಕೇಳಿಸತೊಡಗಿತು. ಫ್ಯಾನಿಗಿಂತ ಅದೇ ಒಂದು ಕೈ ಮೇಲಿತ್ತು.

"ಈ ಗೊರಕೇಲಿ ನೀನು ಅದ್ಹೇಗೆ ಕೆಲಸ ಮಾಡ್ತೀಯಕ್ಕ?"

ಸೊಸೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅದು ನಿಂತ್ರೆ, ನಾನೂ ಎದ್ದು ಹೋಗಿ ನೋಡ್ತೀನಿ ಕಣೋ."