ಜೋತಾಡುವ ಸ್ಪಾಯ್ಲರ್

ಕಾರಿನ ಅಡಿಯಿಂದ ಅಪ್ಪ ಎಳೆದು ತೆಗೆದದ್ದು ಒಂದು ಊರುಗೋಲು.

ಮಗ ಬ್ರಷ್ ಬಾಯಲ್ಲಿಟ್ಟುಕೊಂಡೇ ಕಲ್ಲಾಗಿ ನಿಂತ. ಡಿಕ್ಕಿಯ ಮೇಲಿನ ಕಪ್ಪು ರೆಕ್ಕೆ, ಅವನ ಪ್ರಾಣದಂಥ ಸ್ಪಾಯ್ಲರ್, ಒಂದು ಕಡೆ ಕಿತ್ತುಕೊಂಡು ಜೋತಾಡುತ್ತಿತ್ತು. ಇದು ಮೂರನೇ ಸಲ.

“ಯಾರಿಗೆ ಗುದ್ದಿದೆ?” ಎಂದರು ಅಪ್ಪ.

“ಯಾರಿಗೂ ಇಲ್ಲ ಅಪ್ಪಾ! ನಾನು ಈಗ ತಾನೇ ಎದ್ದೆ.”

“ಮತ್ತೆ ಈ ಕೋಲು ತಾನಾಗೇ ನಡ್ಕೊಂಡು ಬಂತಾ?”

ಬೀದಿಯಲ್ಲಿ ಮಗನಿಗೆ ರಾಕೆಟ್ ಎಂದೇ ಹೆಸರು. ಮೂರು ಕೈ ದಾಟಿ ಬಂದ ಆ ಕಾರು ಮಾತ್ರ ಅರವತ್ತು ಮುಟ್ಟಿದರೆ ಕಿಟಕಿಗಳೆಲ್ಲ ಅಳುತ್ತಿದ್ದವು. ಆದರೂ ಬೆನ್ನ ಮೇಲೆ ರೆಕ್ಕೆ ಇದೆಯಲ್ಲ, ಅಪ್ಪನ ಪಾಲಿಗೆ ಅದು ರೇಸ್ ಕಾರು.

“ಸಾಕು. ಈ ಭಾನುವಾರ ಮಾರಿಬಿಡ್ತೀನಿ.”

“ಮಾರಬೇಡ ಕಣೋ,” ಬಾಗಿಲಿಂದ ದನಿ ಬಂತು. ಅಜ್ಜಿ. “ಮನೇಲಿ ಗಟ್ಟಿಮುಟ್ಟಾಗಿರೋದು ಅದೊಂದೇ. ಹುಡುಗನದ್ದೇನೂ ತಪ್ಪಿಲ್ಲ.”

“ನೀನು ಮುದ್ದು ಮಾಡಿ ಮಾಡಿಯೇ ಇವನು ಹೀಗಾಗಿದ್ದು. ಅದಿರಲಿ, ನೀನ್ಯಾಕೆ ಎದ್ದು ಬಂದೆ? ಹೋಗಿ ಕೂತ್ಕೋ.”

ಹೋದ ವರ್ಷ ಜಾರಿ ಬಿದ್ದಾಗಿನಿಂದ ಅಜ್ಜಿಗೆ ಈ ಮನೆಯಲ್ಲಿ ಸಿಕ್ಕಿದ್ದು ಎರಡೇ ಜಾಗ, ಕುರ್ಚಿ ಮತ್ತು ಮಂಚ. ಡಾಕ್ಟರು ಏನೇ ಹೇಳಲಿ, ನಡೆಯುತ್ತಿದ್ದದ್ದು ಅಪ್ಪನ ಮಾತು. ಅಜ್ಜಿ ಅಪ್ಪನ ಕೈಯಿಂದ ಕೋಲು ಕಸಿದುಕೊಂಡು, “ಬೇಕಾದವರು ಬಂದು ಕೇಳ್ತಾರೆ ಬಿಡು,” ಎಂದು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸರಸರ ಒಳಗೆ ನಡೆದರು.

ಗ್ಯಾರೇಜ್ ಇಟ್ಟಿದ್ದ ಸೋದರಮಾವ ಮಧ್ಯಾಹ್ನದ ಹೊತ್ತಿಗೆ ಡ್ರಿಲ್ ಹಿಡಿದು ಬಂದ. ಅಪ್ಪ ಬೆಳಗಿನ ಕೋಪವನ್ನು ಇನ್ನೂ ಆರಲು ಬಿಟ್ಟಿರಲಿಲ್ಲ.

“ಹುಡುಗರು ಅಂದ್ಮೇಲೆ ಸ್ವಲ್ಪ ಜೋರಾಗಿ ಓಡಿಸ್ತಾರೆ ಭಾವಾ,” ಎಂದ ಮಾವ. “ಬ್ರೇಕಿಲ್ಲದ ಸೈಕಲ್ ತಂದು ನಮ್ಮ ಕಾಂಪೌಂಡಿಗೆ ಗುದ್ದಿದವರು ಯಾರು? ಅಕ್ಕನ್ನ ಕೇಳ್ಲಾ?”

ಅಡುಗೆಮನೆಯಿಂದ ಅಮ್ಮ ಕಿಸಕ್ಕೆಂದರು. ಅಪ್ಪ ಕೆಮ್ಮಿದರು.

ಮಾವ ಡಿಕ್ಕಿ ಎತ್ತಿ, ಒಳಗಿನ ಹೊದಿಕೆ ಬಿಚ್ಚಿ, ಟಾರ್ಚ್ ಬಿಟ್ಟ. ಬೋಲ್ಟ್ ತುಂಡಾಗಿರಲಿಲ್ಲ, ಬಾಗಿತ್ತು. ಅದನ್ನು ಕಚ್ಚಿ ಹಿಡಿಯಬೇಕಾದ ಪ್ಲಾಸ್ಟಿಕ್ ಗೂಡು ಸೀಳಿಹೋಗಿತ್ತು.

“ವಿಚಿತ್ರ. ಸ್ಪೀಡಲ್ಲಿ ಹೋದ್ರೆ ಗಾಳಿ ಇದನ್ನ ಡಿಕ್ಕಿಗೆ ಒತ್ತುತ್ತೆ. ಇದನ್ನ ಹಿಂದಕ್ಕೆ ಜಗ್ಗಿದ್ದಾರೆ. ಯಾರೋ ಜೋತುಬಿದ್ದಿದ್ದಾರೆ ಭಾವಾ.”

“ಇವನ ಪಟಾಲಮ್ಮು! ಓಡೋ ಕಾರಿಗೆ ಜೋತುಬಿದ್ದು ಸರ್ಕಸ್ ಮಾಡ್ತಾರೆ!”

ಅಪ್ಪ ಸ್ಪಾಯ್ಲರಿನ ಅಂಚು ತೋರಿಸಿದರು. ಧೂಳಿನ ಮೇಲೆ ಕೈಗುರುತು. ಸಾಲಾಗಿ ನಾಲ್ಕು ಜೊತೆ. ರಾಕೆಟ್‌ನ ಗೆಳೆಯರೂ ಸರಿಯಾಗಿ ನಾಲ್ಕೇ ಜನ.

ಆಣೆ ಹಾಕೋಣವೆಂದರೆ ಆ ನಾಲ್ವರ ಮೇಲೆ ರಾಕೆಟ್‌ಗೇ ನಂಬಿಕೆ ಇರಲಿಲ್ಲ.

ಮಾವ ಸೀಳಿದ ಗೂಡನ್ನು ಕೊರೆದು ಹಿತ್ತಾಳೆಯ ನಟ್ ಕೂರಿಸಿದ. ಸುತ್ತ ಅಂಟು ತುಂಬಿದ. ಡಿಕ್ಕಿಯ ಒಳಗೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ, ನೀರು ಇಳಿಯದಂತೆ ರಬ್ಬರ್, ಆಮೇಲೆ ದಪ್ಪ ಬೋಲ್ಟು. ಅಷ್ಟರಲ್ಲಿ ಅಜ್ಜಿ ಚಹಾ ಹಿಡಿದು ಬಂದು ಪಕ್ಕದಲ್ಲೇ ನಿಂತರು.

“ಎಷ್ಟು ಭಾರ ತಡೆಯುತ್ತೆ ಕಣಪ್ಪಾ?”

“ಅಮ್ಮಾ, ಇದು ಗಾಳಿಗೆ. ಭಾರಕ್ಕಲ್ಲ,” ಎಂದ ಮಾವ.

“ಆದ್ರೂ?”

“ಈಗ ಆನೆ ನೇತಾಕಿದ್ರೂ ಅಲ್ಲಾಡಲ್ಲ. ಆದ್ರೆ ಇವತ್ತೊಂದಿನ ಯಾರೂ ಮುಟ್ಟಬಾರ್ದು, ಅಂಟು ಒಣಗ್ಲಿ.”

ಅಜ್ಜಿ ಬಹಳ ಗಂಭೀರವಾಗಿ ತಲೆಯಾಡಿಸಿದರು. “ಇವತ್ತೊಂದಿನ ತಾನೇ? ಮುಟ್ಟಲ್ಲ.”

ರಾಕೆಟ್ ಕೊನೆಯ ದಾಳ ಎಸೆದ. “ಅಪ್ಪಾ, ಎರಡೂ ಕೀ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಆಗ್ಲೂ ಮುರಿದ್ರೆ ನಾನಲ್ಲ ಅಂತಾಯ್ತು.”

“ಮುರೀದಿದ್ರೆ ನೀನೇ ಅಂತಾಯ್ತು,” ಎಂದು ಅಪ್ಪ ಎರಡನ್ನೂ ದಿಂಬಿನ ಕೆಳಗೆ ಸೇರಿಸಿದರು.

ಮಾರನೇ ದಿನ ಬೆಳಗ್ಗೆ ಕಾರು ಕದಲಲಿಲ್ಲ, ರೆಕ್ಕೆಯೂ ಅಲುಗಲಿಲ್ಲ. ಅಪ್ಪ ಹುಬ್ಬು ಹಾರಿಸಿದರು. ರಾಕೆಟ್ ತಿಂಡಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದ.

ಅದರ ಮಾರನೇ ದಿನ ಭಾನುವಾರ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಗೇಟು ಕಿರ್ರೆಂದಿತು. ಅಪ್ಪ ತಟ್ಟನೆ ಎದ್ದು ದಿಂಬು ಎತ್ತಿದರು. ಎರಡೂ ಕೀ ಇದ್ದವು. ಮಗನ ಕೋಣೆಗೆ ಓಡಿದರು. ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

“ಏಳೋ! ಬಂದಿದ್ದಾರೆ ನಿನ್ನ ಪಟಾಲಮ್ಮು!”

ಅಂಗಳದಿಂದ ಏದುಸಿರು ಕೇಳಿಸಿತು. ಒಬ್ಬರದ್ದಲ್ಲ. ಅಪ್ಪ ಪೊರಕೆ ಎತ್ತಿಕೊಂಡರು, ರಾಕೆಟ್ ಚಪ್ಪಲಿ ಎತ್ತಿಕೊಂಡ. ಇಬ್ಬರೂ ಧಡಾರನೆ ಬಾಗಿಲು ತೆರೆದರು.

ಕಾಂಪೌಂಡ್ ಗೋಡೆಗೆ ಮೂರು ಊರುಗೋಲು ಒರಗಿದ್ದವು. ಕಾರಿನ ಹಿಂದೆ ನಾಲ್ಕು ಬಿಳಿ ತುರುಬು ಸಾಲಾಗಿ ಕೆಳಗೆ ಹೋದವು, ಮೇಲೆ ಬಂದವು, ಮತ್ತೆ ಕೆಳಗೆ ಹೋದವು.

“ಹದಿನಾರು... ಎದುರುಮನೆಯೋಳೇ, ಕಳ್ಳಾಟ ಬೇಡ, ಪೂರ್ತಿ ಕೂರು... ಹದಿನೇಳು...”

“ಅಮ್ಮಾ!” ಎಂದರು ಅಪ್ಪ.

ಅಜ್ಜಿ ಸ್ಪಾಯ್ಲರ್ ಬಿಡದೆ ತಿರುಗಿ ನೋಡಿದರು. “ಸೊಂಟದೆತ್ತರಕ್ಕೆ ಏನಾದ್ರೂ ಹಿಡ್ಕೊಂಡು ಬಸ್ಕಿ ಮಾಡಿ ಅಂತ ಡಾಕ್ಟ್ರು ಹೇಳಿದ್ರೆ ನೀನು ಬೇಡ ಅಂದೆ. ಈಗ ಪೊರಕೆ ಕೆಳಗಿಡು, ಆ ತುದಿ ಹಿಡ್ಕೋ. ಹೊಸ ಬೋಲ್ಟು, ಐದನೆಯವರಿಗೂ ತಡೆಯುತ್ತೆ.”