ಸಾವ್ಕಾರ್ತಿಯ ಕೂಲಿ

ಕೊನೆಯ ಕೊಂಡಿ ಟಕ್ಕೆಂದು ಕಳಚಿಕೊಂಡಾಗ ತಿರುಮಲೇಶ ಕೂತಿದ್ದ ಸ್ಟೂಲನ್ನು ಉರುಳಿಸಿಕೊಂಡೇ ಎದ್ದು ನಿಂತ. ಪಂಜರದೊಳಗಿನ ಹೆಣ್ಣು ಕೋತಿ ಮಾತ್ರ ಏನೂ ಆಗಲೇ ಇಲ್ಲವೆಂಬಂತೆ ಹಲಗೆಯ ಮೇಲಿನ ಚಿಲಕ, ಸರಪಳಿ, ಕೊಂಡಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ತೃಪ್ತಿಯಾದವಳಂತೆ ಹೊಟ್ಟೆ ಕೆರೆದುಕೊಂಡಳು. ಹಲಗೆಯ ಹಿಂದೆ ಬಾಳೆಹಣ್ಣಿರಲಿಲ್ಲ, ಕಡಲೆಕಾಯಿ ಇರಲಿಲ್ಲ, ಏನೆಂದರೆ ಏನೂ ಇರಲಿಲ್ಲ. ಬಿಚ್ಚುವ ಖುಷಿಗೆ ಬಿಚ್ಚಿದ್ದಳು.

"ಅದಕ್ಕ ಅಲ್ಲೇನ್ರಿ ನಾ ಇಕಿಗೆ ಸಾವ್ಕಾರ್ತಿ ಅಂತ ಹೆಸರಿಟ್ಟದ್ದು?" ಎಂದ ಕಾಶಪ್ಪ. "ಕೂಲಿಗೆ ಕೈ ಚಾಚೂದಿಲ್ಲ. ಮನಸ್ಸಿಗೆ ಬಂದ್ರ ಮಾಡ್ತಾಳ."

ಬೈಕುಲ್ಲಾದ ಕಾಲೇಜೊಂದರ ಹಿತ್ತಲಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಪ್ರಾಣಿಗಳಿಗೆ ಅನ್ನ ನೀರು ನೋಡಿಕೊಳ್ಳುತ್ತಿದ್ದವನು ಧಾರವಾಡ ಕಡೆಯ ಈ ಹಿರಿಯ. ಮೈಸೂರಿನಿಂದ ಮನಃಶಾಸ್ತ್ರದ ಎಂ.ಎ. ಕಟ್ಟಿಕೊಂಡು ಬಂದ ತಿರುಮಲೇಶನಿಗೆ ಮುಂಬಯಿಯಲ್ಲಿ ಕನ್ನಡದ ಮಾತಿಗೆ ಸಿಕ್ಕವನೆಂದರೆ ಇವನೊಬ್ಬನೇ. ಪ್ರಾಣಿ ಬರೀ ಖುಷಿಗೂ ಕೆಲಸ ಮಾಡುತ್ತದೆ ಎಂದ ತಿರುಮಲೇಶನನ್ನು ವಿಭಾಗದ ಮುಖ್ಯಸ್ಥರಾದ ಸದಾನಂದ ರಾಯರು ಎಲ್ಲರೆದುರಿಗೂ ನಕ್ಕು ಬಾಯಿ ಮುಚ್ಚಿಸಿದ್ದರು. ಹೊಟ್ಟೆಗೆ ಏನಾದರೂ ಸಿಗುತ್ತದೆ ಅಂದರೆ ಮಾತ್ರ ಪ್ರಾಣಿ ಬೆರಳಾಡಿಸುತ್ತದೆ, ಮನುಷ್ಯನೂ ಅಷ್ಟೇ. ಅಲ್ಲ ಅನ್ನುವುದಾದರೆ ತೋರಿಸು, ಸಹಾಯಕನ ಹುದ್ದೆ ನಿನ್ನದು ಎಂದಿದ್ದರು. ತೋರಿಸಲಾಗದಿದ್ದರೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಮಾವ ಗೊತ್ತುಮಾಡಿಟ್ಟಿದ್ದ ಕೆಲಸ ಇದ್ದೇ ಇತ್ತು: ಗೇಟಿನ ಪಕ್ಕ ಕೂತು ಬಂದವರ ಹಾಜರಿ ಹಾಕುವುದು. ಅದನ್ನು ನೆನೆದರೇ ತಿರುಮಲೇಶನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ರಾಯರು ಬರುವುದು ಮರುದಿನ ಬೆಳಿಗ್ಗೆಯೇ.

ಇಂಥ ಹೊತ್ತಿನಲ್ಲಿ ಧಾರವಾಡದವನು ಸುಮ್ಮನಿರುತ್ತಾನೆಯೇ? ಊರಿಂದ ಬಂದಿದ್ದ ಪೇಡೆಯ ಪೊಟ್ಟಣ ಬಿಚ್ಚಿ, "ಬಾಯಿ ಸಿಹಿ ಮಾಡ್ಕೋರಿ" ಎಂದು ಕಾಶಪ್ಪ ಕೈಗಿತ್ತ. ತಿರುಮಲೇಶನಿಗೋ ಕಾಲು ನೆಲದ ಮೇಲಿಲ್ಲ. ಗೆದ್ದವಳನ್ನು ಬಿಟ್ಟು ನಾನು ತಿನ್ನುವುದೆಂದರೇನು ಎಂದು ಪೇಡೆಯನ್ನು ಕಂಬಿಯ ಸಂದಿಯಿಂದ ಒಳಗೆ ಚಾಚಿದ. ಆಮೇಲೆ ಹಲಗೆಯ ಕೊಂಡಿಗಳನ್ನು ಮತ್ತೆ ಹಾಕಿದ. ಬಿಚ್ಚಿದಳು, ಪೇಡೆ. ಮತ್ತೆ ಹಾಕಿದ. ಬಿಚ್ಚಿದಳು, ಪೇಡೆ. ಪೊಟ್ಟಣ ತಳ ಕಾಣುವವರೆಗೂ ಇಬ್ಬರು ಗಂಡಸರೂ ಚಪ್ಪಾಳೆ ಹೊಡೆಯುತ್ತ ಕೂತರು. ಪಕ್ಕದ ಪಂಜರದ ಗಂಡು ಕೋತಿ ಕಂಬಿಗೆ ಮುಖ ಒತ್ತಿಕೊಂಡು ನೋಡುತ್ತಲೇ ಇತ್ತು. ಪಾಪ, ಅದಕ್ಕೊಂದು ಚೂರೂ ಸಿಗಲಿಲ್ಲ.

ಬೆಳಿಗ್ಗೆ ರಾಯರು ಹೇಳಿದ ಹೊತ್ತಿಗೆ ಬಂದರು. ಕೆಲಸ ಸಿಕ್ಕ ಮೇಲೆ ಹಂಚಲೆಂದು ಕಾಶಪ್ಪ ಪೇಡೆಯ ಇನ್ನೊಂದು ಪೊಟ್ಟಣವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದ. ಪಂಜರದೊಳಗೆ ಹಲಗೆ ಇಟ್ಟದ್ದೇ ತಡ, ಸಾವ್ಕಾರ್ತಿ ಓಡಿ ಬಂದಳು. ಚಿಲಕವೊಂದನ್ನು ಎಳೆದಳು. ಅಲ್ಲಿಗೆ ನಿಲ್ಲಿಸಿ, ಕಂಬಿಯ ಸಂದಿಯಿಂದ ತಿರುಮಲೇಶನ ಕಡೆಗೆ ಅಂಗೈ ಚಾಚಿದಳು.

ತಿರುಮಲೇಶ ಕಾಣದವನಂತೆ ನಿಂತ. ಕೈ ಹಾಗೇ ಚಾಚಿಕೊಂಡಿತ್ತು. ಆಮೇಲೆ ಆ ಕೈ ರಾಯರ ಕೋಟಿನ ಜೇಬಿನ ಕಡೆ ತಿರುಗಿತು. ಅಲ್ಲೂ ಏನೂ ಹುಟ್ಟಲಿಲ್ಲವೆಂದು ತಿಳಿದ ಮೇಲೆ ಸಾವ್ಕಾರ್ತಿ ಹಲಗೆಯನ್ನು ಕಾಲಿನಿಂದ ಆಚೆ ನೂಕಿ, ಬೆನ್ನು ತಿರುಗಿಸಿ ಕೂತುಬಿಟ್ಟಳು.

ರಾಯರು ನಕ್ಕರು, ಕೆಟ್ಟದಾಗಿಯೇನೂ ಅಲ್ಲ. ಹುಡುಗ ಆಸೆಪಟ್ಟಿದ್ದು ತಪ್ಪಲ್ಲ, ಆದರೆ ಪ್ರಾಣಿಯ ಗುಣವೇ ಇದು, ವಿಕ್ರೋಳಿಯ ಕೆಲಸ ಬಿಡಬೇಡ ಎಂದು ಬುದ್ಧಿ ಹೇಳಿ ಕಾರು ಹತ್ತಿದರು. ತಿರುಮಲೇಶನಿಗೆ ಅಳು ಬಂತು. ಗಂಡಸು ಅಳಬಾರದೆಂದು ಗೋಡೆಯ ಕಡೆ ತಿರುಗಿ ನಿಂತ.

ಕಾಶಪ್ಪ ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನಿಟ್ಟುಸಿರು ಬಿಟ್ಟ. "ನಿನ್ನಿ ಮಟಾ ಸಾವ್ಕಾರ್ತಿ ಇದ್ಲರಿ. ನಾವ ಕೂಲಿಯಾಕಿ ಮಾಡಿ ಇಟ್ವಿ."

ತಿರುಮಲೇಶ ಗಕ್ಕನೆ ತಿರುಗಿದ. "ಏನಂದ್ರಿ ಕಾಶಪ್ಪನವರೇ? ಇನ್ನೊಂದ್ಸಲ ಹೇಳಿ."

ಕಾಶಪ್ಪ ಹೆದರುತ್ತಲೇ ಹೇಳಿದ. ತಿರುಮಲೇಶ ಬೆರಳು ಮಡಚಿ ಲೆಕ್ಕ ಹಾಕತೊಡಗಿದ. ಅದೇ ಕೋತಿ, ಅದೇ ಹಲಗೆ. ನಿನ್ನೆ ಏನೂ ಕೊಡದೆ ಬಿಚ್ಚಿದವಳು ಇವತ್ತು ಒಲ್ಲೆ ಎನ್ನುತ್ತಾಳೆ. ನಡುವೆ ಬಂದದ್ದು ಪೇಡೆಯೊಂದೇ. ಅಂದರೆ ಬಹುಮಾನ ಆಟವನ್ನು ಬೆಳೆಸಲಿಲ್ಲ, ಆಟವನ್ನೇ ತಿಂದುಹಾಕಿತು! ತಾನು ತೋರಿಸಹೊರಟದ್ದಕ್ಕಿಂತ ದೊಡ್ಡ ಸಂಗತಿ ಕಣ್ಣೆದುರೇ ಬೆನ್ನು ತಿರುಗಿಸಿ ಕೂತಿತ್ತು. ನಿಜವೇ, ಇಲ್ಲ ತನ್ನ ಭ್ರಮೆಯೇ? ನೋಡಿಯೇಬಿಡಬೇಕು. ಪಕ್ಕದ ಪಂಜರದ ಗಂಡು ಇನ್ನೂ ಪೇಡೆಯ ರುಚಿ ಕಂಡಿರಲಿಲ್ಲ. ತಿರುಮಲೇಶ ಕೋಟು ಕಳಚಿ ಎಸೆದು, ಹಲಗೆ ಎತ್ತಿಕೊಂಡು ಆ ಕಡೆ ಓಡಿದ. ಊಟದ ಡಬ್ಬಿ ಮರೆತ, ವಿಕ್ರೋಳಿಗೆ ಹಿಡಿಯಬೇಕಿದ್ದ ಲೋಕಲ್ ರೈಲು ಮರೆತ, ಮಧ್ಯಾಹ್ನ ಅಲ್ಲಿ ಮಾವ ಕಾಯುತ್ತಾನೆಂಬುದನ್ನೂ ಮರೆತ.

"ಸಾಹೇಬ್ರ, ರಾಯರು ಹೋದ್ರಲ್ರಿ. ನೌಕರಿನೂ ಹೋತು. ಇನ್ನ ಯಾರಿಗೆ ತೋರ್ಸಾಕ ಮಾಡ್ತೀರಿ?"

"ಯಾರಿಗೂ ಅಲ್ಲ. ಆ ಕಡೆ ಸ್ವಲ್ಪ ಹಿಡ್ಕೊಳ್ಳಿ" ಎಂದ ತಿರುಮಲೇಶ, ಹಲಗೆಯಿಂದ ಕಣ್ಣು ಕೀಳದೆ.

ಗಂಡು ಕೋತಿ ಅಂಜುತ್ತ ಬಂದು ಬೆರಳಿನಿಂದ ಚಿಲಕ ಮುಟ್ಟಿತು. ಎಳೆಯಿತು. ಸರಪಳಿಗೆ ಕೈ ಹಾಕಿತು. ತಿರುಮಲೇಶನ ಮುಖ ಬೆಳಗುತ್ತಿದ್ದುದನ್ನು ಕಂಡು ಕಾಶಪ್ಪನಿಗೂ ತಡೆಯಲಾಗಲಿಲ್ಲ. ಅಂಗಿಯೊಳಗಿನಿಂದ ಪೊಟ್ಟಣ ತೆಗೆದು ದಾರ ಬಿಚ್ಚಿ, ಒಂದು ಪೇಡೆಯನ್ನು ಎತ್ತಿ ತಿರುಮಲೇಶನ ಕಡೆ ಚಾಚಲು ಹೋದ.

ಬೆನ್ನು ತಿರುಗಿಸಿ ಕೂತಿದ್ದ ಸಾವ್ಕಾರ್ತಿಯನ್ನು ನೋಡಿದ. ಹಲಗೆಯ ಮೇಲೆ ಬಾಗಿದ್ದ ತಿರುಮಲೇಶನನ್ನು ನೋಡಿದ. ಪೇಡೆಯನ್ನು ಮೆಲ್ಲಗೆ ಒಳಗಿಟ್ಟು, ದಾರವನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದ.